ಮೂವತ್ತೊಂದನೆಯ ಬಿಂದು

ವೇದಿಕೆಯನ್ನು ತುಂಬಿಕೊಂಡಿರುವ ಅಧ್ಯಕ್ಷರೇ, ಆಗಾಗ ಗಡಿಯಾರ ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಹನಾಮೂರ್ತಿ ಸಭಿಕರೇ,

ಮೊದಲಿಗೆ ಒಂದು ತಪ್ಪೊಪ್ಪಿಗೆ. ನಾನು ಕಳ್ಳ. ಕದ್ದ ಮಾಲು: ಒಂದು ರಟ್ಟಿನ ತುಂಡು. ಕದ್ದ ಸ್ಥಳ: ನಮ್ಮದೇ ಕಾರ್ಖಾನೆಯ ಬೆಸುಗೆ ವಿಭಾಗ, ಮೇಸ್ತ್ರಿಯವರ ಮೇಜಿನ ಎರಡನೆಯ ಡ್ರಾಯರು. ಮಾಲು ಈಗಲೂ ನನ್ನ ಕೋಟಿನ ಒಳಜೇಬಿನಲ್ಲಿದೆ. ನೀವು ನಗುತ್ತಿದ್ದೀರಿ. ಕೊನೆಯ ಸಾಲಿನಲ್ಲಿ ಕುಳಿತಿರುವ ಮೇಸ್ತ್ರಿಯವರು ನಗುತ್ತಿಲ್ಲ.

ಇರಲಿ. ಈ ಫಲಕ ಕೊಟ್ಟದ್ದು ಕಳ್ಳತನಕ್ಕಲ್ಲ, ನಾನು ಬರೆದ ಪ್ರೋಗ್ರಾಮಿಗೆ. ಏನದು ಎಂದು ನನ್ನ ಹೆಂಡತಿಯೂ ಕೇಳಿದಳು. ಟ್ಯಾಂಕಿನ ದುಂಡು ಮೈಗೆ ಪೈಪಿನ ದುಂಡು ಮೈ ಕೂಡುವಲ್ಲಿ ಒಂದು ಗೆರೆ ಹುಟ್ಟುತ್ತದೆ. ಪೈಪನ್ನು ಆ ಗೆರೆಯಂತೆಯೇ ಕತ್ತರಿಸಿದರೆ ಬೆಸುಗೆ ಕೂರುತ್ತದೆ. ನನ್ನ ಪ್ರೋಗ್ರಾಮು, ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕ್ಯಾಡ್ ತಂತ್ರಾಂಶಕ್ಕೆ ಎರಡೂ ಮೇಲ್ಮೈಗಳನ್ನು ಒಪ್ಪಿಸಿ, 'ಇವು ಎಲ್ಲಿ ಕೂಡುತ್ತವೆ?' ಎಂದು ಕೇಳಿ, ಬಂದ ಗೆರೆಯನ್ನು ಕತ್ತರಿಸುವ ಯಂತ್ರಕ್ಕೆ ದಾಟಿಸುತ್ತದೆ. ಹೆಂಡತಿ ಅಂದಳು: “ಮನೇಲಿ ನಾವಿಬ್ರು ಒಂದು ಮಾತಿಗೆ ಕೂಡೋ ಜಾಗ ಹತ್ತು ವರ್ಷದಿಂದ ಸಿಕ್ಕಿಲ್ಲ. ಅಲ್ಲಿ ಸಿಗುತ್ತಾ?”

ಸಿಕ್ಕಿತು, ಸಭಿಕರೇ! ನೆಟ್ಟಗೆ ಬರುವ ಪೈಪೇ? ಎರಡು ಸೆಕೆಂಡು. ಓರೆಯಾಗಿ ಬರುವುದೇ? ಮೂರು. ಮೇಸ್ತ್ರಿಯವರಿಗೆ ರಟ್ಟು ಕತ್ತರಿಸಿ, ಪೈಪಿಗೆ ಸುತ್ತಿ, ಸೀಮೆಸುಣ್ಣದ ಗುರುತು ಹಾಕಲು ಅರ್ಧ ದಿನ ಹಿಡಿಯುತ್ತಿತ್ತು. ಆದ್ದರಿಂದ ಅವರನ್ನು ಉಗ್ರಾಣಕ್ಕೆ ವರ್ಗ ಮಾಡಿದ್ದೇವೆ ಎಂದು ಅಧ್ಯಕ್ಷರು ಈಗಷ್ಟೇ ಸಾರಿದರು. ನಾಳೆ ಬೆಳಿಗ್ಗೆ ಎಂಟಕ್ಕೆ ಹನ್ನೆರಡು ಹಬೆಯ ಟ್ಯಾಂಕುಗಳ ಪೈಪುಗಳನ್ನು ನನ್ನ ಪ್ರೋಗ್ರಾಮೇ ಕತ್ತರಿಸಲಿದೆ ಎಂದೂ ಸಾರಿದರು. ಎರಡೂ ಸುದ್ದಿ ನನಗೆ ಹೊಸದು. ಸ್ವಲ್ಪ ನೀರು ಕೊಡುತ್ತೀರಾ?

ಆ ಹನ್ನೆರಡೂ ಬೇರೆ ಬೇರೆ ಅಳತೆಯವು. ಎಲ್ಲದರಲ್ಲೂ ಪೈಪು ಟ್ಯಾಂಕಿನ ಪಕ್ಕವನ್ನು ಸವರಿಕೊಂಡೇ ಒಳಹೋಗುತ್ತದೆ. ಅಂಥ ಕಡೆ ಒಂದು ಮೈ ಇನ್ನೊಂದನ್ನು ಮುಟ್ಟಿದೆಯೋ, ದಾಟಿದೆಯೋ ತಂತ್ರಾಂಶಕ್ಕೆ ತೀರ್ಮಾನವಾಗದೆ, ಗೆರೆಯ ಬಿಂದುಗಳ ಬದಲು ಖಾಲಿ ಪಟ್ಟಿ ಹಿಂದಿರುಗಿಸುತ್ತದೆ. ಹೋದ ವರ್ಷ ಅಂಥದೇ ಒಂದು ಟ್ಯಾಂಕು ನನ್ನ ಪಾಲಿಗೆ ಬಂದಿತ್ತು. ಎಷ್ಟು ಹತ್ತಿರ ಬಂದರೆ ಕೂಡಿದಂತೆ ಎಂಬ ಮಿತಿಯನ್ನು ಸಡಿಲಿಸಿದೆ, ಬಿಗಿಗೊಳಿಸಿದೆ. ಖಾಲಿ. ಪೈಪನ್ನು ಕೂದಲೆಳೆಯಷ್ಟು ಸರಿಸಿದೆ. ಹದಿನೇಳು ಚೂರು ಗೆರೆ, ಒಂದಕ್ಕೊಂದು ಮುಖ ಕೊಡವು.

“ಏನಂತಪ್ಪಾ ನಿನ್ನ ಕಂಪ್ಯೂಟರು?” ಎಂದರು ಮೇಸ್ತ್ರಿ.

“ಎರಡೂ ಕೂಡೋದೇ ಇಲ್ವಂತೆ ಮೇಸ್ತ್ರೀ.”

“ಹಾಗಾದ್ರೆ ಇಪ್ಪತ್ತು ವರ್ಷದಿಂದ ನಾನು ಬೆಸುಗೆ ಹಾಕಿದ್ದು ಗಾಳಿಗಾ?”

ಎರಡು ದಿನ ಕಳೆದರೆ ಅಧ್ಯಕ್ಷರ ಮುಂದೆ ಪ್ರದರ್ಶನ. ಏನು ಮಾಡಲಿ? ಅದೇ ಟ್ಯಾಂಕಿಗೆ ಮೇಸ್ತ್ರಿಯವರು ಕತ್ತರಿಸಿಟ್ಟಿದ್ದ ರಟ್ಟನ್ನು ಕದ್ದೆ. ಅಂಚನ್ನು ಅಳೆದೆ. ನಲವತ್ತೆಂಟು ಬಿಂದುಗಳನ್ನು ಕೈಯಾರೆ ಪ್ರೋಗ್ರಾಮಿನಲ್ಲಿ ತುಂಬಿದೆ. ಪಟ್ಟಿ ಖಾಲಿ ಬಂದರೆ ಇವನ್ನೇ ಕೊಡು ಎಂದು ಬರೆದೆ. ಆಮೇಲೆ ತೆಗೆದರಾಯಿತು ಅಂದುಕೊಂಡೆ. ಚಪ್ಪಾಳೆ ಬಿತ್ತು, ಆಮೇಲೆ ಎಂಬುದು ಬರಲೇ ಇಲ್ಲ. ಆ ಪೈಪಿನಲ್ಲಿ ಉಳಿದ ಸಂದನ್ನು ಮೇಸ್ತ್ರಿಯವರೇ ಬೆಸುಗೆ ತುಂಬಿ ಮುಚ್ಚಿದರು. “ಈ ಉಬ್ಬನ್ನ ಎಲ್ಲೋ ನೋಡಿದ ಹಾಗಿದೆಯಲ್ಲಪ್ಪಾ” ಎಂದಷ್ಟೇ ಅಂದರು.

ಅಧ್ಯಕ್ಷರೇ, ಫಲಕದಲ್ಲಿ ಕೆತ್ತಿಸಿದ ಈ ಗೆರೆಯ ನಡುವಿನ ಪುಟ್ಟ ಉಬ್ಬನ್ನು ತಾವು 'ಗಣಿತದ ಕಣ್ಣಿಗಷ್ಟೇ ಕಾಣುವ ಸೂಕ್ಷ್ಮ' ಎಂದು ಕೊಂಡಾಡಿದಿರಿ. ಅದು ಮೂವತ್ತೊಂದನೆಯ ಬಿಂದು. ಅವಸರದಲ್ಲಿ ಡ್ರಾಯರಿನಿಂದ ಎಳೆಯುವಾಗ ರಟ್ಟು ಹರಿದ ಜಾಗ.

ನಾಳೆ ಹನ್ನೆರಡು ಪೈಪುಗಳಿಗೂ ಇದೇ ಗೆರೆ, ಇದೇ ಉಬ್ಬು ಬರುತ್ತದೆ. ತಪ್ಪಾಗಿದೆ ಎಂದು ಪ್ರೋಗ್ರಾಮು ಕೆಮ್ಮುವುದೂ ಇಲ್ಲ. ಸಂದು ಮುಚ್ಚಲು ಮೇಸ್ತ್ರಿ ಅಲ್ಲಿರುವುದಿಲ್ಲ. ಒಳಗೆ ಹಬೆ, ಹೊರಗೆ ನಮ್ಮವರು. ದಯವಿಟ್ಟು ಯಂತ್ರ ಚಾಲೂ ಮಾಡಬೇಡಿ.

ಮೇಸ್ತ್ರಿಯವರೇ, ತಗೊಳ್ಳಿ ನಿಮ್ಮ ರಟ್ಟು. ಗೆರೆ ನಿಮ್ಮದು, ಫಲಕವೂ ನಿಮ್ಮದೇ. ಆ ಉಬ್ಬೊಂದು ಮಾತ್ರ ನನ್ನ ಸ್ವಂತ ಕೃತಿ.

ಇಷ್ಟು ಹೊತ್ತು ಕೇಳಿಸಿಕೊಂಡದ್ದಕ್ಕೆ ವಂದನೆಗಳು. ನಮಸ್ಕಾರ.