ಗಾಳಿ ತೊಟ್ಟಿಗೆ ಬಿದ್ದ ಎಮ್ಮೆಯ ವಿಚಾರದಲ್ಲಿ ಇಂಜಿನಿಯರ್ ತನುಜ ಕೊಟ್ಟ ಹೇಳಿಕೆ

ಹೆಸರು ತನುಜ ಕೆ., ತಂದೆ ಕೋನಪ್ಪ, ವಯಸ್ಸು 27 ವರ್ಷ, ಉದ್ಯೋಗ ಸಿವಿಲ್ ಇಂಜಿನಿಯರ್, ಸ್ವಂತ ಊರು ಗೌರಿಬಿದನೂರು ತಾಲ್ಲೂಕು ನಗರಗೆರೆ, ಹಾಲಿ ವಾಸ ಶಿಡ್ಲಘಟ್ಟ. ನನ್ನ ವಿರುದ್ಧ ಇಂದು ಮಧ್ಯಾಹ್ನ 112ಕ್ಕೆ ಬಂದ ಎರಡು ಕರೆಗಳ ಬಗ್ಗೆ ವಿಚಾರಿಸಲಾಗಿ, ಠಾಣೆಗೆ ಬಂದು ನಾನೇ ಹೇಳಿ ಬರೆಸುತ್ತಿರುವ ಸಂಗತಿ ಹೀಗಿದೆ.

ದಿಬ್ಬೂರಹಳ್ಳಿ ರಸ್ತೆಯ ಹೊಸ ಬಡಾವಣೆಯೊಂದರ ಕೊಳಚೆ ನೀರು ಶುದ್ಧೀಕರಣ ಘಟಕದ ಉಸ್ತುವಾರಿ ನನ್ನದು. ಮನೆಗಳ ಬಚ್ಚಲು, ಪಾಯಿಖಾನೆಗಳ ನೀರು ಪೈಪಿನಲ್ಲಿ ನಮ್ಮಲ್ಲಿಗೆ ಬರುತ್ತದೆ. ಅದರ ಹೊಲಸನ್ನು ತಿಂದು ತೀರಿಸುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವಕ್ಕೆ ಉಸಿರು ಬೇಕಾದ್ದರಿಂದ, ಹದಿನೈದು ಅಡಿ ಆಳದ ಕಾಂಕ್ರೀಟ್ ತೊಟ್ಟಿಯ ತಳದಿಂದ ಬ್ಲೋವರ್ ಯಂತ್ರ ಗಾಳಿ ಊದುತ್ತಿರುತ್ತದೆ. ನೋಡಿದವರಿಗೆ ಎಸರು ಕುದಿಯುವ ಹಾಗೆ ಕಾಣುತ್ತದೆ. ಗುಳ್ಳೆ ತುಂಬಿದ ಈ ನೀರು ಹಗುರ. ಅದು ಬಿದ್ದವರನ್ನು ತೇಲಿಸುವುದಿಲ್ಲ; ಕೆರೆಯಲ್ಲಿ ಎಷ್ಟೇ ಈಜಿದವರೂ ಇದರಲ್ಲಿ ಮುಳುಗುತ್ತಾರೆ. ಮುಂದೆ ನಾನು ಮಾಡಿದ್ದಕ್ಕೆಲ್ಲ ಇದೇ ಕಾರಣವಾದ್ದರಿಂದ ಮೊದಲೇ ಬರೆಸಿದ್ದೇನೆ.

ತೊಟ್ಟಿಯ ಒಂದು ಬದಿಯ ಕಬ್ಬಿಣದ ಕಟಕಟೆಯನ್ನು ದುರಸ್ತಿಗೆಂದು ಬಿಚ್ಚಿ, ಅಲ್ಲಿ ಹಗ್ಗ ಕಟ್ಟಿದ್ದೆವು. ಹಗ್ಗ ಕಂಡರೆ ಮನುಷ್ಯರು ನಿಲ್ಲುತ್ತಾರೆ. ಮಧ್ಯಾಹ್ನ ಸುಮಾರು 3 ಗಂಟೆಗೆ ಬಂದದ್ದು ಎಮ್ಮೆ. ಪಕ್ಕದ ಹೊಲದ ವೆಂಕಟರವಣಪ್ಪ ಎಂಬುವರದು, ಹೆಸರು ಚಂದ್ರಿ, ತುಂಬು ಗಬ್ಬ. ಶುದ್ಧವಾದ ನೀರು ಹರಿಯುವ ಕಡೆ ಹುಲ್ಲು ಹಸಿರಾಗಿ ಬೆಳೆದಿದೆ. ಪೈಪ್ ಹಾಕಲು ಬೇಲಿ ಕಿತ್ತಿದ್ದ ಜಾಗದಿಂದ ಚಂದ್ರಿ ಒಳಗೆ ಬಂದು, ಹುಲ್ಲು ಮೇಯುತ್ತಾ ಹಗ್ಗವನ್ನು ಎದೆಯಿಂದ ತಳ್ಳಿಕೊಂಡು ತೊಟ್ಟಿಗೆ ಬಿದ್ದಿತು.

ಸದ್ದು ಕೇಳಿ ನಾನು ಓಡಿಬಂದಾಗ ಎರಡು ಕೊಂಬು ಮಾತ್ರ ಕಾಣುತ್ತಿದ್ದವು, ಆಮೇಲೆ ಅವೂ ಇಲ್ಲ. ಆಪರೇಟರ್ ಅಂಬರೀಶ್‌ಗೆ ಬ್ಲೋವರ್ ಆಫ್ ಮಾಡಲು ಕೂಗಿದೆ. ಸ್ವಿಚ್ಚಿರುವ ಕೋಣೆ ಆ ತುದಿಯಲ್ಲಿದೆ. ಅಷ್ಟರಲ್ಲಿ ಎಮ್ಮೆಯನ್ನು ಹುಡುಕಿಕೊಂಡು ಬಂದ ವೆಂಕಟರವಣಪ್ಪನವರು, ವಯಸ್ಸು 64, ತಲೆಯ ಟವಲು ಬಿಸಾಡಿ ಪಂಚೆ ಎತ್ತಿ ಕಟ್ಟಿದರು. ನಾನು ಬೇಡವೆಂದೆ. ಅವರು, “ಬಿಡಮ್ಮ, ಸಾದಲಿ ಬಾವೀಲಿ ಈಜು ಕಲ್ತೋನು ನಾನು” ಎಂದು ಅಂಚಿಗೆ ಹೋದರು. ವಿವರಿಸಲು ಸಮಯವಿರಲಿಲ್ಲ. ಹಿಂದಿನಿಂದ ಸೊಂಟ ಹಿಡಿದು ಎಳೆದೆ, ಇಬ್ಬರೂ ನೆಲಕ್ಕೆ ಬಿದ್ದೆವು. ಅವರು ಏಳಲು ಹೋದಾಗ ನಾನು ಅವರ ಬೆನ್ನ ಮೇಲೆ ಕುಳಿತೆ. ಅವರು ಬೈದರು, ಕೈಕಾಲು ಬಡಿದರು, ಕೊನೆಗೆ ಅತ್ತರು. ನಾನು ಏಳಲಿಲ್ಲ. ನಮ್ಮ ತಂದೆಯ ವಯಸ್ಸಿನವರ ಮೇಲೆ ಕುಳಿತಿದ್ದೇನೆಂದು ಗೊತ್ತಿತ್ತು, ಅದಕ್ಕೆ “ಕ್ಷಮಿಸಿ, ಕ್ಷಮಿಸಿ” ಎನ್ನುತ್ತಲೇ ಇದ್ದೆ.

ಬೇಲಿಯಾಚೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಮಂಗಮ್ಮನವರು ಇದನ್ನು ನೋಡಿದ್ದಾರೆ. ಅವರಿದ್ದ ಕಡೆಯಿಂದ ತೊಟ್ಟಿಯೊಳಗಿನ ಎಮ್ಮೆ ಕಾಣುವುದಿಲ್ಲ. ಪ್ಯಾಂಟು ಹಾಕಿದ ಹೆಂಗಸೊಬ್ಬಳು ಮುದುಕನನ್ನು ಕೆಡವಿ ಮೇಲೆ ಕುಳಿತು ಕೊಲ್ಲುತ್ತಿದ್ದಾಳೆ ಎಂದು 112ಕ್ಕೆ ಫೋನ್ ಮಾಡಿದ್ದಾರೆ. ಕಂಡದ್ದನ್ನೇ ಹೇಳಿದ್ದಾರೆ.

ಬ್ಲೋವರ್ ನಿಂತಿತು. ಗುಳ್ಳೆಗಳು ಕಡಿಮೆಯಾಗಿ ನೀರು ಶಾಂತವಾಯಿತು. ಏನೂ ಕಾಣಲಿಲ್ಲ. ಆ ಹೊತ್ತು ಎಷ್ಟೆಂದು ಹೇಳಲಾರೆ. ಆಮೇಲೆ ಕಪ್ಪು ಮೂತಿ ಮೇಲೆ ಬಂದು ದೊಡ್ಡದಾಗಿ ಸೀನಿತು. ಎಮ್ಮೆಗೆ ಯಾರೂ ಈಜು ಕಲಿಸಬೇಕಿಲ್ಲ. ತೇಲಿಸುವ ನೀರಿದ್ದರೆ ಸಾಕು. ನಾನು ಎದ್ದೆ. ವೆಂಕಟರವಣಪ್ಪನವರಿಗೆ ಏಳುವುದಕ್ಕೆ ಕೈ ಕೊಟ್ಟೆ, ಹಿಡಿದುಕೊಂಡರು.

ತೊಟ್ಟಿಯ ಗೋಡೆ ನೇರವಾಗಿರುವುದರಿಂದ ಎಮ್ಮೆ ತಾನಾಗಿ ಹತ್ತುವಂತಿರಲಿಲ್ಲ. ಹೊರಗೆ ಪೈಪಿಗೆ ಗುಂಡಿ ತೋಡುತ್ತಿದ್ದ ಜೆಸಿಬಿಯ ಚಾಲಕ ಗಂಗುಲಪ್ಪನವರನ್ನು ಕರೆದೆ. ಪೈಪ್ ಎತ್ತುವ ಅಗಲವಾದ ಬೆಲ್ಟ್ ಅವರಲ್ಲಿತ್ತು. ಆದರೆ ಹೊಟ್ಟೆಗೆ ಬೆಲ್ಟ್ ಹಾಕಲು ಅಂಬರೀಶ್ ಇಳಿದರೆ ಚಂದ್ರಿ ಕೊಂಬು ತಿರುಗಿಸಿತು. ಯಜಮಾನರೇ ಬೇಕಾಯಿತು. ಬ್ಲೋವರ್ ಕೋಣೆಗೆ ಬೀಗ ಹಾಕಿ ಕೀಲಿಯನ್ನು ನನ್ನ ಜೇಬಿಗಿಟ್ಟುಕೊಂಡು, ವೆಂಕಟರವಣಪ್ಪನವರಿಗೆ ಲೈಫ್ ಜಾಕೆಟ್ ತೊಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಗೋಡೆಯ ಕಬ್ಬಿಣದ ಏಣಿಯಿಂದ ಇಳಿಸಿದೆನು. ಈಗ ಅದೇ ಹೆಂಗಸು ಮುದುಕನನ್ನು ಹಗ್ಗದಲ್ಲಿ ಕಟ್ಟಿ ನೀರಿಗೆ ಬಿಡುತ್ತಿದ್ದಾಳೆ, ಬೇಗ ಬನ್ನಿ ಎಂದು ಮಂಗಮ್ಮನವರ ಎರಡನೇ ಕರೆ ಹೋಗಿದ್ದು ಆಗ.

112ರ ವಾಹನ ಬಂತು. ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಏನು ನಡೆಯುತ್ತಿದೆ ಎಂದು ಕೇಳಿದಾಗ, ಮೊದಲು ಈ ಹಗ್ಗ ಹಿಡಿದುಕೊಳ್ಳಿ, ಆಮೇಲೆ ವಿಚಾರಿಸಿ ಎಂದು ಅವರ ಕೈಗೆ ಕೊಟ್ಟೆ. ಅವರು ಹಿಡಿದುಕೊಂಡರು. ಕೆಳಗೆ ವೆಂಕಟರವಣಪ್ಪನವರು, “ರಾ ತಲ್ಲಿ, ರಾ ನನ್ ಬಂಗಾರಿ” ಎಂದು, ಬಾ ತಾಯಿ ಬಾ ಅನ್ನುವುದನ್ನು ತೆಲುಗಿನಲ್ಲಿ ಹೇಳಿ ಕರೆಯುತ್ತಿದ್ದರು. ಚಂದ್ರಿ ಈಜಿಕೊಂಡು ಹತ್ತಿರ ಬಂದು ಅವರ ಭುಜಕ್ಕೆ ಗದ್ದ ಊರಿತು. ಬೆಲ್ಟ್ ಹಾಕಿಯಾದ ಮೇಲೆ ಅವರನ್ನು ಮೇಲೆ ಎಳೆದುಕೊಂಡೆವು. ಗಂಗುಲಪ್ಪನವರು ಮೊಟ್ಟೆ ಎತ್ತುವ ಹಾಗೆ ಎಮ್ಮೆಯನ್ನು ಎತ್ತಿ ಹುಲ್ಲಿನ ಮೇಲೆ ಇಳಿಸಿದರು. ಅದು ಮೈ ಕೊಡವಿದಾಗ ಸಾಹೇಬರ ಸಮವಸ್ತ್ರಕ್ಕೆ ಆದದ್ದಕ್ಕೆ ವಿಷಾದವಿದೆ.

ಆಗ ಮಂಗಮ್ಮನವರು ಕುಡುಗೋಲು ಹಿಡಿದೇ ಒಳಗೆ ಬಂದರು. ಈಕೆ ನಿಮ್ಮ ಮೇಲೆ ಕುಳಿತದ್ದು ನಿಜವೇ ಎಂದು ಸಾಹೇಬರು ವೆಂಕಟರವಣಪ್ಪನವರನ್ನು ಕೇಳಿದರು. ಅವರು, “ಕೂತಿದ್ದು ದಿಟ ಸಾಮಿ. ಈಯಮ್ಮ ಎದ್ದಿದ್ರೆ ನಾನ್ ಹೋಗ್ಬಿಡ್ತಿದ್ದೆ” ಎಂದರು. ಮಂಗಮ್ಮನವರು ಸ್ವಲ್ಪ ಯೋಚಿಸಿ, “ಹಂಗಾದ್ರೆ ಇನ್ನೊಂಚೂರು ಹೊತ್ತು ಕೂತಿರ್ಬೇಕಿತ್ತು ಕಣಮ್ಮ. ಇವ್ರಿಗೆ ಬುದ್ಧಿ ಬರೋದು ನಿಧಾನ” ಎಂದರು. ನಾನು ಆಗ ನೆಲದ ಮೇಲೆ ಕುಳಿತುಬಿಟ್ಟೆ. ಮಂಗಮ್ಮನವರೇ ನೀರು ತಂದು ಕುಡಿಸಿದರು.

ನಲ್ಲಿ ನೀರು, ಸೋಪಿನಿಂದ ಮನುಷ್ಯರನ್ನೂ ಎಮ್ಮೆಯನ್ನೂ ತೊಳೆದೆವು. ಬ್ಲೋವರ್ ಮತ್ತೆ ಶುರು ಮಾಡಿಸಿದೆ. ಕಟಕಟೆ ಇಲ್ಲದ ಬದಿಗೆ ಇಂದೇ ಕಬ್ಬಿಣದ ಪೈಪ್ ಬೆಸುಗೆ ಹಾಕಿಸಿದ್ದೇನೆ, ಬೇಲಿಯನ್ನೂ ಮುಚ್ಚಿಸಿದ್ದೇನೆ. ನನ್ನ ಮಂಡಿ ತರಚಿರುವುದು ಬಿಟ್ಟರೆ ಯಾರಿಗೂ ಗಾಯವಿಲ್ಲ. ಮಂಗಮ್ಮನವರ ಮೇಲೆ ಯಾವ ಕ್ರಮವೂ ಬೇಡವೆಂದು ಕೇಳಿಕೊಳ್ಳುತ್ತೇನೆ. ಯಾರದೋ ಜೀವ ಹೋಗುತ್ತಿದೆ ಎಂದು ತಿಳಿದು ಎರಡು ಸಲ ಫೋನ್ ಮಾಡುವವರು ಎಲ್ಲ ಬೇಲಿಯಾಚೆಯೂ ಇರಲಿ.

ಪಶುವೈದ್ಯರು ಬಂದು ಪರೀಕ್ಷಿಸಿ, ತಾಯಿ ಚೆನ್ನಾಗಿದೆ, ಹೊಟ್ಟೆಯ ಕರುವನ್ನು ನೀವೇ ಕೇಳಿ ಎಂದು ನನ್ನ ಕೈಯನ್ನು ಚಂದ್ರಿಯ ಪಕ್ಕೆಗೆ ಇಟ್ಟರು. ಒಳಗಿನಿಂದ ಜೋರಾಗಿ ಒಂದು ಒದೆ ಬಿತ್ತು. ಈ ಒದೆಯ ಬಗ್ಗೆ ನನ್ನ ದೂರು ಏನೂ ಇಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಮಾಡಿದ್ದು ಇಷ್ಟೇ. ಹೇಳಿದಂತೆಯೇ ಬರೆದಿದೆ ಎಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಶಿಡ್ಲಘಟ್ಟ
ದಿನಾಂಕ: 14-11-2024
(ಸಹಿ) ತನುಜ ಕೆ.