ದಿನಚರಿಯಲ್ಲಿಲ್ಲದ ಮಗು

ವರ್ಜೀನಿಯಾದ ದಾಖಲೆ ಕಚೇರಿಯ ಸಾಲಿನಲ್ಲಿ ಆರ್ಲೀನಳ ಮುಂದೆ ನಿಂತಿದ್ದ ಅಕ್ಕತಂಗಿಯರು ಮೆಲ್ಲಗೆ ಮಾತಾಡುತ್ತಿದ್ದರು.

"ಸೆನೆಟರ್ ಪೆಂಡ್ಲರ್‌ನ ದಿನಚರಿ ಪೂರ್ತಿ ನೋಡಿದ್ಯಾ ಅಕ್ಕಾ?"

"ನಲವತ್ತು ವರ್ಷದ್ದೂ ನೋಡ್ದೆ ಕಣೆ. ಕುದುರೆ ಮರಿ ಹಾಕಿದ್ದು, ಆಲಿಕಲ್ಲು ಬಿದ್ದಿದ್ದು ಎಲ್ಲಾ ಬರ್ದಿದಾನೆ. ಅವನ ಗುಲಾಮಳಾಗಿದ್ದ ನಮ್ಮ ವಂಶದ ಮೂಲದ ಸೂಕಿಯಜ್ಜಿ ಅವನ ಮಗನ್ನ ಹೆತ್ತ ದಿನ, 'ವಿಪರೀತ ಸೆಕೆ' ಅಂತಷ್ಟೇ ಬರ್ದಿದಾನೆ."

"ಡಿಎನ್‌ಎ ಪರೀಕ್ಷೇಲಿ ಅವರ ವಂಶದ ಜೊತೆ ಹೊಂದಿಕೆ ಆಯ್ತಲ್ಲ?"

"ಮಗು ಅವನ ತಮ್ಮಂದೂ ಇರ್ಬಹುದಂತೆ. ತನ್ನ ಮಗ ಅಂತ ಸೆನೆಟರ್ ಕೈಯಾರೆ ಬರೆದಿರೋದೇ ಬೇಕಂತೆ ಪೆಂಡ್ಲರ್ ಮನೆತನದೋರಿಗೆ. ಇಲ್ದಿದ್ರೆ ಅವರ ಗುಡ್ಡದ ಸ್ಮಶಾನದಲ್ಲಿ ಅಮ್ಮಂಗೆ ಜಾಗ ಇಲ್ವಂತೆ."

"ಶನಿವಾರ ಮಣ್ಣು ಮಾಡ್ಬೇಕಲ್ಲ ಅಕ್ಕಾ!"

"ಹೆದ್ದಾರಿ ಪಕ್ಕದ ಸ್ಮಶಾನಕ್ಕೆ ಫೋನ್ ಮಾಡು."

"ನಾನೂ ಆ ಮನೆಯೋಳೇ, ಅಲ್ಲೇ ಮಲಗಿಸಿ ಅಂತ ಅಮ್ಮ ಸಾಯೋ ಮುಂಚೆ ಕೈಹಿಡಿದು ಕೇಳಿದ್ಳು. ಇನ್ನೊಂದ್ಸಲ ವಿಚಾರಿಸೋಣ."

"ಯಾರನ್ನ ವಿಚಾರಿಸ್ತೀಯ?"

ಸರದಿ ಬರುವ ಮೊದಲೇ ಇಬ್ಬರೂ ಸಾಲು ಬಿಟ್ಟು ಹೊರಟುಹೋದರು. ಆರ್ಲೀನ್ ಎರಡು ಹೆಜ್ಜೆ ಮುಂದೆ ಸರಿದು ನಿಂತಳು.