ಸಾಹೇಬರು ಹೊತ್ತು ತಂದ ಹಂಚು

ಈ ಪ್ರವಚನದಲ್ಲಿ ದಿನಾ ನಿಮಗೆ ಶ್ರೀಮಂತರ ಕಥೆ ಹೇಳುತ್ತೇನೆ, ಇವತ್ತು ಒಬ್ಬ ನಿವೃತ್ತರ ಕಥೆ ಕೇಳಿ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆಯೇ ನೀವು ಅವರ ಮನೆಗೆ ರೊಟ್ಟಿ ತಿನ್ನಲು ಹೊರಟುಬಿಡುತ್ತೀರಿ!

ಒಂದು ದೊಡ್ಡ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅವರು ಮೂವತ್ತನಾಲ್ಕು ವರ್ಷ ದುಡಿದರು. ಬೇಕಾದ ಕಡತವನ್ನು ಕಟ್ಟಿಡುವುದು, ಬೇಡವಾದದ್ದರ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ‘ನಾಶಪಡಿಸಬಹುದು’ ಎಂದು ಬರೆಯುವುದು, ಇದೇ ಕೆಲಸ. ಊರೆಲ್ಲ ಅವರನ್ನು ರೆಕಾರ್ಡ್ ಸಾಹೇಬರು ಅಂತಲೇ ಕರೆಯುತ್ತಿತ್ತು. ನಿವೃತ್ತಿಯ ದಿನ ಶಾಲು, ಹಾರ, ಭಾಷಣ ಎಲ್ಲ ಆಯಿತು. ಮರುದಿನ ಮರೆತುಬಂದ ಕೊಡೆ ತರಲು ಹೋದರೆ, ಇವರ ಕುರ್ಚಿಯನ್ನು ಆಗಲೇ ಮೂಲೆಗೆ ತಳ್ಳಿದ್ದರು. ಪಾಪ, ಎಂಟು ದಿನ ಅವರಿಗೆ ಅನ್ನ ಸೇರಲಿಲ್ಲ.

ಅದೇ ತಿಂಗಳು ಅವರ ಮನೆಯಾಕೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಆಸ್ಪತ್ರೆಗೆ ಸೇರಿಸಿದ್ದಾಯಿತು. ಮುಂದೆ ಅಡುಗೆ ಯಾರು ಮಾಡಬೇಕು? ಸಾಹೇಬರು, “ನಾ ಮಾಡ್ತೇನಿ” ಎಂದರು. ನೋಡಿ, ಜನ್ಮವಿಡೀ ಕುಡಿಯುವ ನೀರನ್ನೂ ಕೂತಲ್ಲಿಗೇ ತರಿಸಿಕೊಂಡವರು! ದೊಡ್ಡ ಮನಸ್ಸು ಅಲ್ಲವೇ? ಚಪ್ಪಾಳೆ ತಟ್ಟಬೇಡಿ, ಇನ್ನೂ ಇದೆ.

ಅಡುಗೆಮನೆಗೆ ಹೋದವರು ಮೊದಲು ಮಾಡಿದ್ದೇನು? ಒಲೆ ಹಚ್ಚಿದರೇ? ಇಲ್ಲ. ಕೆಂಪು ಪೆನ್ಸಿಲ್ ಹುಡುಕಿದರು! ಆಕೆ ಮನೆಗೆ ಬರುವಷ್ಟರಲ್ಲಿ ಎಲ್ಲ ಚೊಕ್ಕ ಮಾಡಬೇಕೆಂಬ ಆಸೆ. ಚೀಟಿ ಬರೆದು ಒಂದೊಂದಕ್ಕೇ ಅಂಟಿಸಿದರು. ಹಿಡಿ ಮುರಿದ ಸೌಟು, ನಾಶಪಡಿಸಬಹುದು. ತೂತು ಬಿದ್ದ ಜರಡಿ, ನಾಶಪಡಿಸಬಹುದು. ಕರ್ರಗೆ ಕಪ್ಪು ಹಿಡಿದ ಕಬ್ಬಿಣದ ರೊಟ್ಟಿ ಹಂಚು, ಅದಕ್ಕೂ ಚೀಟಿ ಅಂಟಿತು. ಎರಡು ಚೀಲ ಗುಜರಿಗೆ ಹೋಯಿತು, ಮಿರಮಿರ ಮಿಂಚುವ ಹೊಸ ತವೆ ಬಂತು.

ಆ ತಾಯಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದರು. ಅಡುಗೆಮನೆಯನ್ನು ಸುತ್ತ ನೋಡಿದರು.

“ಹಂಚೆಲ್ಲೈತ್ರಿ?”

“ಚೀಟಿ ಹಚ್ಚಿ ಗುಜರಿಗೆ ಹಾಕ್ದೆ. ನಿನಗ ಹೊಸಾದು ತಂದೇನಿ ನೋಡು.”

“ನನ್ನ ಕೈ ಮುರದೈತ್ರಿ, ಬಾಯಿ ಮುರದಿಲ್ಲ. ಒಂದ್ ಮಾತ್ ಕೇಳಿದ್ರ ಏನಾಗ್ತಿತ್ತು? ನಿಮ್ಮ ಕುರ್ಚಿ ಸರಿಸಿದ್ರಂತ ಎಂಟ್ ದಿನ ಉಣ್ಣಲಿಲ್ಲ ನೀವು. ನನ್ನ ಜಾಗಾ ನೀವ ಕಿತ್ತು ಒಗದ್ರಲ್ರೀ. ನಿಮ್ಮ ಶೋಕೇಸಿನ್ಯಾಗ ಹದಿನೇಳು ಸನ್ಮಾನದ ಫಲಕ ಅದಾವು, ಒಂದಕ್ಕಾದ್ರೂ ಚೀಟಿ ಹಚ್ಚೀರೇನು?”

ನಾವಾಗಿದ್ದರೆ ಏನನ್ನುತ್ತಿದ್ದೆವು? ‘ನಿನಗೋಸ್ಕರ ಇಷ್ಟೆಲ್ಲ ಮಾಡಿದೆ, ನಿನಗೆ ಬೆಲೆಯೇ ಗೊತ್ತಿಲ್ಲ’ ಎಂದು ಹರಿಹಾಯುತ್ತಿದ್ದೆವು. ಹೌದೋ ಅಲ್ಲವೋ? ಆ ಪುಣ್ಯಾತ್ಮರು ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಗುಜರಿ ಅಂಗಡಿಗೆ ನಡೆದರು. ಸುಡುವ ಬಿಸಿಲಲ್ಲಿ ಕೂತು ತಗಡು, ಸಲಾಕೆ, ಮುರಿದ ಬಕೆಟ್ ಎಲ್ಲ ಸರಿಸಿದರು. ಮೂರು ತಾಸಾದ ಮೇಲೆ ಹಂಚು ಸಿಕ್ಕಿತು.

ಅಂಗಡಿಯವನಿಗೇ ನಾಚಿಕೆ. “ಸಾಹೇಬ್ರ, ಪೇಪರ್‌ನ್ಯಾಗ ಸುತ್ತಿ ಕೊಡ್ಲೇನ್ರಿ?”

“ಬ್ಯಾಡಪ. ತಪ್ಪು ಮಾಡೀನಿ, ಮಂದಿ ನೋಡ್ಲಿ.”

ಜನ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ ಅದೇ ಬಜಾರಿನಲ್ಲಿ, ಕಪ್ಪು ಹಂಚನ್ನು ಎದೆಗವಚಿಕೊಂಡು ಬಂದರು. ಬಿಳಿ ಅಂಗಿಯೆಲ್ಲ ಮಸಿ. ನನಗಂತೂ ಸನ್ಮಾನದ ಎಲ್ಲ ಶಾಲುಗಳಿಗಿಂತ ಆ ಮಸಿ ಹತ್ತಿದ ಅಂಗಿಯೇ ದೊಡ್ಡದಾಗಿ ಕಾಣುತ್ತದೆ.

ಮನೆಗೆ ಬಂದು ಹಂಚು ತೊಳೆದು ಒಲೆಯ ಮೇಲಿಟ್ಟರು. ಮನೆಯಾಕೆಗೆ ಪಕ್ಕದಲ್ಲಿ ಕುರ್ಚಿ ಹಾಕಿದರು. “ನೀ ಹೇಳು, ನಾ ರೊಟ್ಟಿ ಬಡೀತೇನಿ.” ಮೊದಲ ರೊಟ್ಟಿ ಮೂರು ತುಂಡಾಯಿತು. ಆ ತಾಯಿ ಎಡಗೈಯಲ್ಲಿ ಒಂದು ತುಂಡು ತೆಗೆದುಕೊಂಡು ತಿಂದರು. “ಹಿಟ್ಟು ಇನ್ನೂ ಛಲೋ ನಾದ್ರಿ” ಎಂದು ಗದರಿದರು. ಸಾಹೇಬರು ತಲೆ ತಗ್ಗಿಸಿ ನಾದಿದರು. ಅಡುಗೆಮನೆ ಮತ್ತೆ ಆಕೆಯದಾಯಿತು. ಸಂಜೆಯೊಳಗೆ ಶೋಕೇಸಿನ ಹದಿನೇಳು ಫಲಕಗಳಲ್ಲಿ ಹದಿನಾರು ಕೆಳಗಿಳಿದವು. ಒಂದನ್ನು ಮಾತ್ರ ಉಳಿಸಿಕೊಂಡರು. ಇರಲಿ ಬಿಡಿ, ಮನುಷ್ಯರು ತಾನೇ!

ಈಗ ನಿಮ್ಮ ಕಡೆ ಬರುತ್ತೇನೆ. ಕೆಲಸ ಬಿಟ್ಟು ಮನೆಯಲ್ಲಿ ಕೂತವರೇ, ಅಡುಗೆಮನೆಗೆ ಹೋಗಿ. ಖಂಡಿತ ಹೋಗಿ. ಆದರೆ ಸಾಹೇಬರಾಗಿ ಹೋಗಬೇಡಿ, ಕಲಿಯುವವರಾಗಿ ಹೋಗಿ. ಮನೆ ಹಗುರ ಮಾಡಬೇಕೇ? ಮೊದಲು ನಿಮ್ಮ ಕಪಾಟು ತೆರೆಯಿರಿ. ಇನ್ನೊಬ್ಬರು ದಿನವೂ ಕೈಯಾಡಿಸಿದ ವಸ್ತುವನ್ನು ಕೇಳದೆ ಮುಟ್ಟಬೇಡಿ. ಅತ್ತೆಯ ಡಬ್ಬಿಗಳನ್ನು ಎತ್ತಿಡುವ ಸೊಸೆಯಂದಿರೇ, ಸೊಸೆಯ ಮಿಕ್ಸರ್ ಕಂಡು ಮುಖ ಸಿಂಡರಿಸುವ ಅತ್ತೆಯಂದಿರೇ, ಈ ಮಾತು ನಿಮಗೂ ಸೇರಿತು.

ನಾಳೆಯಿಂದ ಎನ್ನಬೇಡಿ. ಇನ್ನು ಸ್ವಲ್ಪ ಹೊತ್ತಿಗೆ ಇಲ್ಲೇ ಪ್ರಸಾದವಿದೆ. ಹಿಂದಿನ ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ನಾಲ್ವರು ತಾಯಂದಿರು ಒಲೆಯ ಮುಂದೆ ನಿಂತಿದ್ದಾರೆ. ಉಂಡ ಮೇಲೆ ಒಳಗೆ ಹೋಗಿ ಒಬ್ಬೊಬ್ಬರೂ ಒಂದೊಂದು ಪಾತ್ರೆ ತೊಳೆಯಿರಿ. ತೊಳೆದದ್ದನ್ನು ಎಲ್ಲಿಡಬೇಕು ಎಂದು ಅವರನ್ನೇ ಕೇಳಿ.